ಮೂವತ್ತೇಳನೇ ಗಂಟು

ನಮ್ಮ ಪಾತ್ರೆ ಅಂಗಡಿಗೆ ಕೆಲಸಕ್ಕೆ ಸೇರುವವರಿಗೆಲ್ಲ ಮೊದಲ ದಿನವೇ ನಾನು ಹೇಳುವುದು ಒಂದೇ ಮಾತು: ಬೆಲೆ ಮಾತಾಡುವಾಗ ಗಿರಾಕಿಯ ಊರಿನ ಸುದ್ದಿ ಕೇಳಬೇಡಿ. ಸುದ್ದಿ ಕೇಳಿದರೆ ಮನಸ್ಸು ಮೆತ್ತಗಾಗುತ್ತದೆ, ಮನಸ್ಸು ಮೆತ್ತಗಾದರೆ ಬೆಲೆಯೂ ಮೆತ್ತಗಾಗುತ್ತದೆ. ಸಾಗರದ ಪೇಟೆಯಲ್ಲಿ ಹೆಂಗಸೊಬ್ಬಳು ನಲವತ್ತು ವರ್ಷ ಅಂಗಡಿ ನಡೆಸಿದ್ದು ಸುಮ್ಮನೆ ಅಲ್ಲ.

ಹೋದ ತಿಂಗಳು ಈ ಮಾತನ್ನು ನಾನೇ ಮುರಿದೆ. ತೀರ್ಥಹಳ್ಳಿ ಕಡೆಯವರೊಬ್ಬರು ಬಂದು ತಾಮ್ರದ ಹಂಡೆಯೊಂದಕ್ಕೆ ಬೆಳಗಿನಿಂದ ಚೌಕಾಸಿ ಮಾಡುತ್ತಿದ್ದರು. ನಾನು ಹೇಳಿದ ಬೆಲೆಯಿಂದ ಕದಲಿರಲಿಲ್ಲ. ಅವರಿಗೆ ಸುಸ್ತಾಗಿ ಸ್ವಲ್ಪ ಕೂತರು. ಕೂತವರು ಸುಮ್ಮನಿರಬೇಕಲ್ಲ, ತಮ್ಮ ಬೀದಿಯ ಸುದ್ದಿ ತೆಗೆದರು. ಅಲ್ಲೊಬ್ಬರು ಹಳೇ ಕಾಲದ ಅಕ್ಕೋರಿದ್ದರಂತೆ, ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಂತೆ, ತೊಂಬತ್ತು ದಾಟಿತ್ತಂತೆ, ಮೊನ್ನೆ ತೀರಿಕೊಂಡರಂತೆ. ಹಿಂದಿನ ದಿನವೂ ಹಾಲು ಹಾಕುವವನನ್ನು ಬಾಗಿಲಲ್ಲಿ ನಿಲ್ಲಿಸಿ ಹದಿಮೂರರ ಮಗ್ಗಿ ಕೇಳಿದ್ದರಂತೆ.

ಹದಿಮೂರರ ಮಗ್ಗಿ ಅಂದ ಕೂಡಲೇ ಯಾರೆಂದು ನನಗೆ ಗೊತ್ತಾಯಿತು. ಗಿರಾಕಿ ಮತ್ತೆ ಎದ್ದು ತಮ್ಮ ಬೆಲೆ ಹೇಳಿದಾಗ ನಾನು ಹ್ಞೂಂ ಅಂದುಬಿಟ್ಟೆ. ಅವರಿಗೇ ಗಾಬರಿಯಾಯಿತು. ಹಂಡೆಯಲ್ಲಿ ಎಲ್ಲೋ ತೂತಿರಬೇಕೆಂದು ಬೆಳಕಿಗೆ ಹಿಡಿದು ಮೂರು ಸಲ ನೋಡಿ, ಅನುಮಾನದಿಂದಲೇ ಹೊತ್ತುಕೊಂಡು ಹೋದರು.

ನಮ್ಮೂರು ಹೊಸನಗರದಿಂದ ಮೂರು ಮೈಲಿ. ಅಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಶಾಲೆ. ಅಕ್ಕೋರು ಅಲ್ಲಿಗೆ ತೀರ್ಥಹಳ್ಳಿಯಿಂದ ವರ್ಗವಾಗಿ ಬಂದವರು. ಆಳು ಗಿಡ್ಡ. ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರಿಗಿಂತ ಒಂದು ಗೇಣು ಎತ್ತರವಾಗಿದ್ದೆ. ಆದರೂ ಅವರನ್ನು ತಲೆಯೆತ್ತಿ ನೋಡಿದ ಹಾಗೆಯೇ ನನಗೆ ನೆನಪು. ಬಿಳೀ ವಾಯಿಲ್ ಸೀರೆ, ಕೈಯ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ, ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಗಂಡಸರ ಕೊಡೆ. ಕೈಚೀಲದಲ್ಲಿ ಟಿಂಚರ್, ಪಿನ್ನು, ಸೀಟಿ, ಒಂದು ಕನ್ನಡಕ. ದೂರದ್ದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ಮಕ್ಕಳು ಸದರ ಮಾಡುತ್ತಾರೆ ಎಂದು ಅದನ್ನು ಚೀಲದಿಂದ ತೆಗೆಯುತ್ತಲೇ ಇರಲಿಲ್ಲ. ಕೊನೇ ಬೆಂಚಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಕಿವಿಯಿಂದ ತಿಳಿಯುತ್ತಿದ್ದರು. ಹಾಗಾಗಿ ಅವರ ಮೊದಲ ಕಾನೂನು, ಕೇಳದೆ ಯಾರೂ ಬಾಯಿ ಬಿಡಬಾರದು. ಎರಡನೇ ಕಾನೂನು, ಬಾಯಿ ಬಿಡಬೇಕಾದರೆ ಮೊದಲು ಕೈ ಎತ್ತಬೇಕು. ಎತ್ತಿದ ಕೈ ಅವರಿಗೆ ಕಾಣುವುದಿಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಕೆಲವರು ಇಡೀ ಪಾಠ ಕೈ ಎತ್ತಿಕೊಂಡೇ ಕೂತು ಮನೆಗೆ ಹೋದದ್ದಿದೆ.

ಸಂತೆಯಲ್ಲಿ ಅಕ್ಕೋರು ಚೌಕಾಸಿ ಮಾಡಿದ್ದನ್ನು ಯಾರೂ ನೋಡಿಲ್ಲ. ಬದನೆಕಾಯಿ ಎಷ್ಟು ಅಂತ ಒಂದೇ ಸಲ ಕೇಳುತ್ತಿದ್ದರು. ಹೇಳಿದ ಬೆಲೆ ಒಪ್ಪಿಗೆಯಾಗದಿದ್ದರೆ ಮಾರುವವನನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ತನ್ನ ಬೆಲೆಗೆ ನಾಚಿಕೊಂಡು ಇಳಿಸುತ್ತಿದ್ದ. ನಮ್ಮ ಅಪ್ಪಯ್ಯ ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತು ಮಾರುತ್ತಿದ್ದವರು. ಅವರೇ ಒಂದು ಸಲ ಅಕ್ಕೋರ ಎದುರು ಲಂಗದ ಬಟ್ಟೆಯ ಬೆಲೆಯನ್ನು ಎರಡು ಸಲ ಇಳಿಸಿ, ಮೇಲೆ ಒಂದು ಕರವಸ್ತ್ರ ಪುಕ್ಕಟೆ ಕೊಟ್ಟು ಬಂದಿದ್ದರು. ವ್ಯಾಪಾರಕ್ಕೆ ಇಳಿಯುವವರು ಇದನ್ನು ಕಲಿಯಬೇಕು. ಮಾತು ಬರುವವರು ಊರು ತುಂಬಾ ಇದ್ದಾರೆ, ಸುಮ್ಮನಿರಲು ಬರುವವರು ಕಡಿಮೆ.

ಇನ್ನು ಡ್ರಾಯಿಂಗ್ ಮೇಷ್ಟ್ರು. ಅಕ್ಕೋರ ಚಿತ್ರ ಬರೆಯುವಾಗ ಪಕ್ಕದಲ್ಲಿ ಇವರನ್ನು ನಿಲ್ಲಿಸದಿದ್ದರೆ ಆಗುವುದಿಲ್ಲ. ಉದ್ದ ಮನುಷ್ಯ, ಕಿವಿಯ ಹಿಂದೆ ಪೆನ್ಸಿಲು, ಬಾಯಲ್ಲಿ ಒಂದೇ ಮಾತು: ಆಗ್ತದೆ ಬಿಡಿ. ಗಂಟೆ ಹೊಡೆದರೆ, ಇದು ಒಳಗೆ ಬರೋ ಗಂಟೆಯಾ ಹೊರಗೆ ಹೋಗೋದಾ ಎಂದು ಮಕ್ಕಳನ್ನೇ ಕೇಳುತ್ತಿದ್ದರು. ನಾವು ಹೊರಗೆ ಹೋಗೋದು ಅನ್ನುತ್ತಿದ್ದೆವು. ಹಿಂದಿನ ವರ್ಷ ಅವರೊಬ್ಬರೇ ಮಕ್ಕಳನ್ನು ಮಂಡಗದ್ದೆಗೆ ಹಕ್ಕಿ ನೋಡಲು ಕರೆದುಕೊಂಡು ಹೋಗಿದ್ದರು. ವಾಪಸ್ ಬಂದಾಗ ಇಬ್ಬರು ಕಡಿಮೆ. ಹೆಡ್ಮಾಸ್ಟರು ಹೌಹಾರಿ ಕೇಳಿದರೆ, ಅವರ ಸೋದರತ್ತೆ ಮನೆ ಅಲ್ಲೇ ಇತ್ತು ಸಾರ್, ಕಡುಬು ಮಾಡಿದ್ರು, ಉಳ್ಕೊಂಡ್ರು, ನಾಡಿದ್ದು ಬರ್ತಾರೆ ಬಿಡಿ ಅಂದರಂತೆ. ಮಕ್ಕಳಿಗೆ ಮೇಷ್ಟ್ರೆಂದರೆ ಪ್ರಾಣ. ನನಗೂ ಇಷ್ಟವೇ. ಆದರೆ ಒಂದು ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಕಟ್ಟುನಿಟ್ಟಿನವರ ಜೊತೆ ವ್ಯವಹಾರ ಸುಲಭ, ಅವರ ಗೆರೆ ಎಲ್ಲಿದೆ ಎಂದು ಗೊತ್ತಿರುತ್ತದೆ. ಎಲ್ಲದಕ್ಕೂ ಹೂಂ ಅನ್ನುವವರ ಜೊತೆ ಚೌಕಾಸಿಗೆ ಜಾಗವೇ ಇಲ್ಲ; ಅವರ ಹೂಂ ಕೈಗೆ ಬರುತ್ತದೆ, ಸಾಮಾನು ಬರುವುದಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಕ್ಕೇರಿಗೆ ಪ್ರವಾಸ ಅಂತಾಯಿತು. ಅರವತ್ತರ ದಶಕದ ಕೊನೆಯ ವರ್ಷಗಳು. ಹುಡುಗಿಯರನ್ನು ಪ್ರವಾಸಕ್ಕೆ ಕಳಿಸುವ ರೂಢಿ ನಮ್ಮೂರಲ್ಲಿ ಇರಲಿಲ್ಲ. ಅಕ್ಕೋರು ಮನೆಮನೆಗೆ ಹೋಗಿ ಕೇಳಿದರು. ಜೊತೆಗೆ ಮೇಷ್ಟ್ರೂ ಬಂದರು. ನಮ್ಮ ಮನೆಯಲ್ಲಿ ಅಕ್ಕೋರು ಮಾತಾಡಿದರು, ಮೇಷ್ಟ್ರು ಚಕ್ಕುಲಿ ತಿಂದರು.

ನನಗೆ ಪ್ರವಾಸಕ್ಕಿಂತ ದೊಡ್ಡದೊಂದು ಬೇಕಾಗಿತ್ತು. ಏಳು ಮುಗಿದ ಮೇಲೆ ಹೊಸನಗರದ ಹೈಸ್ಕೂಲಿಗೆ ಸೇರಬೇಕು ಎಂದು ನಾನು ಹಟ ಹಿಡಿದಿದ್ದೆ. ಅಪ್ಪಯ್ಯನಿಗೆ ಓದಿನ ಮೇಲೆ ಸಿಟ್ಟಿರಲಿಲ್ಲ, ಹೊತ್ತಿನ ಮೇಲೆ ಭಯ. ಹೋಗಿ ಬರುವುದು ಆರು ಮೈಲಿ, ಬಸ್ಸು ಸಿಕ್ಕಿದರೆ ಸಿಕ್ಕಿತು, ಕತ್ತಲೆಯಾದರೆ ಯಾರು ಹೊಣೆ ಎನ್ನುವುದು ಅವರ ವಾದ. ನಾನು ಸಮಯ ನೋಡಿ ಒಂದು ವ್ಯಾಪಾರ ಮುಂದಿಟ್ಟೆ: ಈ ಪ್ರವಾಸವನ್ನೇ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಅಪ್ಪಯ್ಯ ಸ್ವಲ್ಪ ಹೊತ್ತು ಮೀಸೆ ತಿರುವಿದರು.

"ಆಯ್ತು. ಮನೇಲಿ ದೀಪ ಹಚ್ಚೋದ್ರೊಳಗೆ ನೀನು ಈ ಜಗಲೀಲಿ ಇರ್ಬೇಕು. ಇದ್ರೆ ಹೈಸ್ಕೂಲು. ಇಲ್ಲದಿದ್ರೆ ಈ ಮಾತು ಇನ್ನೊಂದ್ಸಲ ಎತ್ತೋ ಹಾಗಿಲ್ಲ."

ಅಕ್ಕೋರು ಗಡಿಯಾರದ ಕೈ ಮುಂದೆ ಚಾಚಿ, ಇರುತ್ತಾಳೆ, ಇದು ನನ್ನ ಮಾತು ಅಂದರು. ಮೇಷ್ಟ್ರು ಚಕ್ಕುಲಿ ಅಗಿಯುತ್ತಲೇ ಆಗ್ತದೆ ಬಿಡಿ ಅಂದರು.

ಹೊರಡುವ ದಿನ ಅಕ್ಕೋರು ಹಗ್ಗದ ಜೊತೆ ಬಂದರು. ಶಾಲೆಯ ಬಾವಿ ಹಗ್ಗಕ್ಕೆ ಪಕ್ಕದ ಮನೆಯ ಬಾವಿ ಹಗ್ಗ ಜೋಡಿಸಿ, ಎರಡೆರಡು ಅಡಿಗೆ ಒಂದು ಗಂಟು ಹಾಕಿದ್ದರು. ಮಕ್ಕಳು ಮೂವತ್ತಾರು, ಗಂಟು ಮೂವತ್ತೇಳು. ಕುಳ್ಳರು ಮುಂದೆ, ಎತ್ತರದವರು ಹಿಂದೆ. ಹೆಸರು ಆ ದಿನಕ್ಕೆ ರದ್ದು, ಗಂಟಿನ ನಂಬರೇ ಹೆಸರು. ನಾನು ಮೂವತ್ತಾರು. ಮೂವತ್ತೇಳು ಯಾರು ಎಂದು ನಾವು ನೋಡುತ್ತಿದ್ದಂತೆ ಅಕ್ಕೋರು ಆ ಗಂಟನ್ನು ಮೇಷ್ಟ್ರ ಕೈಗೆ ಕೊಟ್ಟು, ಮಂಡಗದ್ದೆಯ ನೆನಪು ನನಗಿದೆ ಎಂದರು. ಮೇಷ್ಟ್ರು ಗಂಟನ್ನು ಮೂಸಿ ನೋಡಿ, ಪಾಚಿ ವಾಸನೆ ಅಂತ ನಕ್ಕರು.

ಇಕ್ಕೇರಿಯ ದೇವಸ್ಥಾನದ ಸುತ್ತ ನಾವು ಹಗ್ಗ ಹಿಡಿದು ತಿರುಗಿದ್ದು ನೋಡಿ ಅರ್ಚಕರು ಇದು ಯಾವ ಸೇವೆ ಎಂದು ಕೇಳಿದರು. ಅಕ್ಕೋರು ಕಂಬಗಳನ್ನು ಎಣಿಸಲು ಹೇಳಿದರು. ನಾವು ಎಣಿಸಿದೆವು, ಅವರು ಕೈಯಿಂದ ಒಂದೊಂದು ಕಂಬವನ್ನು ಮುಟ್ಟಿ ತಾಳೆ ನೋಡಿದರು. ಮೇಷ್ಟ್ರು ತಮ್ಮ ಕಡೆಯ ಎಂಟೊಂಬತ್ತು ಜನರನ್ನು ಕಲ್ಲು ನೆಲದ ಮೇಲೆ ಅಂಗಾತ ಮಲಗಿಸಿ ಮೇಲಿನ ಕೆತ್ತನೆ ನೋಡಲು ಹೇಳಿದರು. ತಾವೂ ಮಲಗಿದರು. ಮುಂದಿನವರು ನಡೆಯುತ್ತಿದ್ದಾರೆ, ಹಿಂದಿನವರು ಮಲಗಿದ್ದಾರೆ. ಹಗ್ಗ ಬಿಗಿಯಾಯಿತು, ಇಪ್ಪತ್ತೆಂಟನೆಯವನು ಮಲಗಿದಲ್ಲಿಂದಲೇ ಎರಡು ಮಾರು ಜಾರಿದ. ಅಕ್ಕೋರು ಸೀಟಿ ಊದಿದರು, ಎಲ್ಲರೂ ಎದ್ದೆವು. ಚಿತ್ರಾನ್ನ ತಿಂದದ್ದೂ ಹಗ್ಗವನ್ನು ಕಾಲ ಕೆಳಗೆ ಒತ್ತಿಕೊಂಡೇ.

ಮಧ್ಯಾಹ್ನ ಸಾಗರದ ಪೇಟೆ ತೋರಿಸಿ, ಮೂರು ಗಂಟೆಗೆ ಶಾಲೆ ಗೊತ್ತುಮಾಡಿದ್ದ ಬಾಡಿಗೆ ಬಸ್ಸು ಹತ್ತಿಸಿದರೆ ದೀಪಕ್ಕೆ ಬೇಕಾದಷ್ಟು ಮೊದಲೇ ಮನೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಗಿತ್ತು. ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಹೊರಗೆ ಬಂದು ನಮ್ಮನ್ನು ನೋಡಿದರು. ಒಬ್ಬ, ಏನಮ್ಮಾ ಇವನ್ನೆಲ್ಲ ಮಾರ್ತೀರಾ, ಹಲ್ಲು ನೋಡ್ಬಹುದಾ ಅಂತ ಕೇಳಿದ. ಅಕ್ಕೋರು ಆ ದನಿ ಬಂದ ಕಡೆಗೆ ತಿರುಗಿ ನಿಂತರು, ನೋಡಿದರು. ಅವನು ಹೋಗಿ ಅಂಗಡಿಯೊಳಗೆ ಕೂತ.

ಅಷ್ಟರಲ್ಲಿ ಬೀದಿಯ ಪಕ್ಕದಲ್ಲಿ ಗಂಧದ ಕೆತ್ತನೆ ಮಾಡುವವರ ಮನೆ ಬಂತು. ಬಾಗಿಲು ತೆರೆದಿತ್ತು, ಒಳಗೆ ಒಬ್ಬರು ಸಣ್ಣ ಉಳಿಯಲ್ಲಿ ಆನೆಯ ಕಿವಿ ಕೆತ್ತುತ್ತಿದ್ದರು. ಮೇಷ್ಟ್ರ ಕಾಲು ನಿಂತಿತು. ಹೊಸ್ತಿಲ ಹತ್ತಿರ ಒಬ್ಬ ಅಜ್ಜ ನಿಂತಿದ್ದ, ಕೈಯಲ್ಲಿ ಕಾಗದ ಸುತ್ತಿದ ಲಾಟೀನಿನ ಗಾಜು.

"ಯಜಮಾನ್ರೇ, ಇದನ್ನ ಸ್ವಲ್ಪ ಹಿಡ್ಕೊಂಡಿರಿ. ಈಗ ಬಂದೆ."

ಅಜ್ಜ ಹಿಡಿದುಕೊಂಡ. ಮೇಷ್ಟ್ರು ಒಳಗೆ ಹೋದರು. ಮುಂದೆ ಮೂವತ್ತಾರು ಜನರಾಚೆ ಸೀಟಿ ಕೇಳಿಸಿತು, ಹಗ್ಗ ಹೊರಟಿತು, ಅಜ್ಜನೂ ಹೊರಟ.

ಇದನ್ನು ನೋಡಿದ್ದು ನಾನೊಬ್ಬಳೇ. ಮೊದಲು ನಗು ಬಂತು. ಆಮೇಲೆ ಯೋಚನೆ ಮಾಡಿದೆ. ಕೂಗಿದರೆ ಅಕ್ಕೋರು ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಮೇಷ್ಟ್ರನ್ನು ಎಬ್ಬಿಸಬೇಕು. ಆನೆಯ ಕಿವಿ ಮುಗಿಯುವ ತನಕ ಅವರನ್ನು ಅಲ್ಲಿಂದ ಯಾವ ದೇವರೂ ಎಬ್ಬಿಸಲಾರ, ಕಿವಿಯೋ ಎರಡು. ಮೇಷ್ಟ್ರು ದೊಡ್ಡವರು, ಹೇಗೋ ಬರುತ್ತಾರೆ. ನನ್ನ ಹೈಸ್ಕೂಲು ಹೇಗೋ ಬರುವುದಿಲ್ಲ. ಕೇಳದೆ ಬಾಯಿ ಬಿಡಬಾರದು ಎಂಬ ಕಾನೂನಂತೂ ಇತ್ತಲ್ಲ. ನಾನು ಕಾನೂನು ಪಾಲಿಸಿದೆ.

ಬಸ್ಸಿನ ಹತ್ತಿರ ಎಣಿಕೆ ಶುರುವಾಯಿತು. ಅಕ್ಕೋರು ಮುಂಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳುವುದು, ನಾವು ಸಾಲಾಗಿ ನಂಬರು ಕೂಗಿ ಹಿಂಬಾಗಿಲಿನಿಂದ ಹತ್ತುವುದು. ಹತ್ತು, ಹನ್ನೊಂದು, ಹನ್ನೆರಡು ಎಂದು ಬರುತ್ತಿತ್ತು. ನಾನು ಅಜ್ಜನ ಕಡೆ ಬಗ್ಗಿದೆ.

"ಅಜ್ಜ, ನಾನು ಮೂವತ್ತಾರು ಅಂದ ಕೂಡ್ಲೆ ನೀವು ಗಟ್ಟಿಯಾಗಿ ಮೂವತ್ತೇಳು ಅನ್ನಿ."

"ಅಂದ್ರೆ ಎಂತಾಗ್ತದೆ?"

"ಬಸ್ಸು ಹೊರಡ್ತದೆ."

ಅಜ್ಜನಿಗೂ ಬಸ್ಸು ಹೊರಡಬೇಕಾಗಿತ್ತು. ಅವನು ತುಮರಿಯವನು. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ಆಚೆ ದಡದ ಊರಿನವರಿಗೆ ಲಾಂಚೇ ಗತಿ. ಸಂಜೆಯ ಲಾಂಚ್ ಸಿಗಬೇಕಾದರೆ ಹೊಳೆಬಾಗಿಲಿಗೆ ಹೋಗುವ ಬಸ್ಸು ಹಿಡಿಯಬೇಕು. ಬೋರ್ಡು ಓದಲು ಬರುವುದಿಲ್ಲ. ಬಸ್ಸು ಹತ್ತಲು ಈಗೀಗ ನಂಬರು ಕೂಗಬೇಕೇನೋ ಅಂದುಕೊಂಡ. ಊರಿಗೇ ಕೇಳುವ ಹಾಗೆ ಮೂವತ್ತೇಳು ಎಂದು ಕೂಗಿ, ಗಾಜನ್ನು ಎದೆಗೊತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ಹಗ್ಗ ಬಿಡಲಿಲ್ಲ.

ಗಂಡಸಿನ ದನಿ ಬಂತು, ಲೆಕ್ಕ ಸರಿಯಾಯಿತು. ಮೇಷ್ಟ್ರು ಹೇಳಿದ ಸಮಯಕ್ಕೆ ಬಂದದ್ದು ಇದೇ ಮೊದಲು ಅಂತ ಅಕ್ಕೋರು ಮುಂದಿನ ಸೀಟಿನಿಂದ ಹೊಗಳಿದ್ದು ನಮಗೆ ಹಿಂದಕ್ಕೆ ಕೇಳಿಸಿತು. ಹಿಂದಿನ ನಾಲ್ಕು ಸಾಲಿನ ಮಕ್ಕಳಿಗೆಲ್ಲ ಈಗ ವಿಷಯ ಗೊತ್ತು. ಕೆಲವರು ಪಾಪ ಕೈ ಎತ್ತಿದರು. ಎತ್ತಿಕೊಂಡೇ ಕೂತರು.

ಬಟ್ಟೆಮಲ್ಲಪ್ಪದಲ್ಲಿ ಬಸ್ಸಿನ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ಅಲ್ಲಿಗೆ ಅರ್ಧ ದಾರಿ. ಅಜ್ಜ ಆಚೀಚೆ ನೋಡಿ, ಹಗ್ಗವನ್ನು ಹಿಡಿದೇ ಇಳಿದು, ಮುಂದಿನ ಕಿಟಕಿಯ ಹತ್ತಿರ ಹೋದ.

"ಅಮ್ಮಾ, ಒಂದು ಮಾತು ಕೇಳ್ತೀನಿ, ಬೈಬೇಡಿ. ಹೊಳೆ ಇನ್ನೂ ಎಷ್ಟು ದೂರ?"

ಅಕ್ಕೋರು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡದ್ದನ್ನು ನಾನು ನೋಡಿದ್ದು ಆಗ. ಅಜ್ಜನನ್ನು ತಲೆಯಿಂದ ಕಾಲಿನವರೆಗೆ, ಆಮೇಲೆ ಅವನ ಕೈಯ ಗಂಟನ್ನು ನೋಡಿದರು. ನೀವು ಯಾರು, ಹೇಗೆ ಬಂದಿರಿ ಎಂದು ಕೇಳಿದರು.

"ನಾನೆಲ್ಲಿ ಬಂದೆ? ಹಗ್ಗ ಬಂತು, ನಾನೂ ಬಂದೆ. ಆ ಪೆನ್ಸಿಲಿನವರು ಹಿಡ್ಕೊಂಡಿರಿ ಅಂದ್ರು. ಕೈಗೆ ಕೊಟ್ಟದ್ದನ್ನ ಬಿಟ್ಟು ಹೋಗೋದು ಹೇಗೆ? ಮೂವತ್ತೇಳು ಅನ್ನಿ ಅಂತ ಈ ಮಗಳು ಹೇಳಿಕೊಟ್ಟಳು. ಒಳ್ಳೆ ಹುಡುಗಿ."

ಅಂಥ ಹೊಗಳಿಕೆ ನನಗೆ ಇವತ್ತಿಗೂ ಬೇಡ.

ಅಕ್ಕೋರು ನನ್ನನ್ನು ಕೆಳಗೆ ಕರೆದರು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದರು. ಹೊತ್ತಾಗುತ್ತದೆ ಅಂತ ಎಂದೆ. ಆಮೇಲೆ, ಹೇಗೂ ಸಿಕ್ಕಿಬಿದ್ದಾಯಿತಲ್ಲ, ಒಂದು ದಾರಿ ಹೇಳಿ ನೋಡೋಣ ಅಂತ ಶುರುಮಾಡಿದೆ. ಎದುರಿಂದ ಸಾಗರದ ಬಸ್ಸು ಬಂದರೆ ಅಜ್ಜನನ್ನು ಅದಕ್ಕೆ ಹತ್ತಿಸುವುದು, ಮೇಷ್ಟ್ರು ಅವರ ಪಾಡಿಗೆ ಸಂಜೆ ಬಸ್ಸಿಗೆ ಬರುವುದು, ನಾವು ಮುಂದೆ ಹೋಗುವುದು. ಯಾರಿಗೂ ನಷ್ಟವಿಲ್ಲ. ಈಗಲೂ ಯೋಚನೆ ಮಾಡಿದರೆ ಆ ಸಲಹೆಯಲ್ಲಿ ತಪ್ಪೇನೂ ಕಾಣುವುದಿಲ್ಲ.

"ಎದುರು ಬಸ್ಸು ಬಾರದಿದ್ರೆ?" ಎಂದರು ಅಕ್ಕೋರು. "ಈ ಅಜ್ಜನ ಮನೇಲೂ ಯಾರೋ ದೀಪ ಹಚ್ಚೋ ಹೊತ್ತಿಗೆ ಕಾಯ್ತಿರ್ತಾರೆ. ಅವರ ಲಾಟೀನಿನ ಗಾಜು ಇಲ್ಲಿದೆ."

ಅಜ್ಜನನ್ನೂ ನನ್ನನ್ನೂ ಮತ್ತೆ ಹತ್ತಿಸಿ, ಡ್ರೈವರಿಗೆ ಬಸ್ಸು ತಿರುಗಿಸಲು ಹೇಳಿದರು. ಅವನು ಒಪ್ಪಲಿಲ್ಲ, ಸಂಜೆ ಹೊಸನಗರದಿಂದ ಅವನದು ಇನ್ನೊಂದು ಟ್ರಿಪ್ಪು, ತಡವಾದರೆ ಮಾಲೀಕರು ಮುಖಕ್ಕೆ ಉಗಿಯುತ್ತಾರೆ ಅಂದ. ಅವನು ಅಕ್ಕೋರ ಹಳೇ ಶಿಷ್ಯ. ಅಕ್ಕೋರು ಅವನನ್ನು ನೋಡುತ್ತಾ ನಿಂತರು. ಅವನು ಸ್ಟೀರಿಂಗ್ ಬಿಟ್ಟು ಎದ್ದು ನಿಂತ.

"ಹದಿಮೂರರ ಮಗ್ಗಿ ಹೇಳು. ತಪ್ಪಿಲ್ದೆ ಹೇಳಿದ್ರೆ ಮುಂದೆ ಹೋಗೋಣ. ತಪ್ಪಿದ್ರೆ ತಿರುಗಿಸು."

ನನ್ನ ಓದು ಆ ಕ್ಷಣಕ್ಕೆ ಒಬ್ಬ ಡ್ರೈವರನ ಮಗ್ಗಿಯ ಮೇಲೆ ನಿಂತಿತ್ತು. ಅವನು ಕೈ ಕಟ್ಟಿಕೊಂಡು ಶುರು ಮಾಡಿದ. ಹದಿಮೂರಾರಲೆ ಎಪ್ಪತ್ತೆಂಟರವರೆಗೆ ರಾಗವಾಗಿ ಬಂದ. ಹದಿಮೂರೇಳಲೆ ಎಂದವನು ಬಸ್ಸಿನ ಚಾವಣಿ ನೋಡಿದ. ಹೊರಗೆ ಮರ ನೋಡಿದ. ನನಗೆ ತಡೆಯಲಾಗಲಿಲ್ಲ, ತೊಂಬತ್ತೊಂದು ಎಂದು ಪಿಸುಗುಟ್ಟಿದೆ. ನನ್ನ ಹಿಂದಿನಿಂದ ಇನ್ನೂ ಐದಾರು ಪಿಸುಮಾತು ಬಂದವು. ಅಜ್ಜನೂ ತೊಂಬತ್ತೊಂದು ಅಂದ.

ಹೇಳಿಕೊಟ್ಟ ಉತ್ತರ ಲೆಕ್ಕಕ್ಕಿಲ್ಲ ಎಂದರು ಅಕ್ಕೋರು. ಡ್ರೈವರು ಬಸ್ಸು ತಿರುಗಿಸಿದ.

ಸಾಗರಕ್ಕೆ ವಾಪಸ್ ಹೋಗುವಾಗ ಎದುರಿನಿಂದ ಒಂದು ಹುಲ್ಲಿನ ಲಾರಿ ಬಂತು. ಹುಲ್ಲಿನ ಮೇಲೆ ಕಾಲು ಚಾಚಿ ಕೂತವರು ನಮ್ಮ ಮೇಷ್ಟ್ರು. ನಮ್ಮನ್ನು ಕಂಡು ಸಂತೋಷದಿಂದ ಎರಡೂ ಕೈ ಬೀಸಿದರು. ಬಲಗಡೆ ಕಿಟಕಿಯ ಮಕ್ಕಳೆಲ್ಲ ನೋಡಿದರು, ಎಲ್ಲರೂ ಕೈ ಎತ್ತಿದರು. ಅಕ್ಕೋರು ಕನ್ನಡಕ ಒಳಗಿಟ್ಟು ನೇರ ಮುಂದೆ ನೋಡುತ್ತಿದ್ದರು. ಲಾರಿ ಹೊಸನಗರದ ಕಡೆ ಹೋಯಿತು, ನಾವು ಸಾಗರದ ಕಡೆ ಹೋದೆವು. ನಾನು ಎಡಗಡೆ ಅಜ್ಜನ ಪಕ್ಕ ಕೂತಿದ್ದೆ, ನನಗೆ ಕಾಣಲಿಲ್ಲ. ಕಂಡಿದ್ದರೆ ಕಿಟಕಿಯಿಂದ ಹಾರುತ್ತಿದ್ದೆ.

ಹೊಳೆಬಾಗಿಲಿನ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಅಕ್ಕೋರು ಅಜ್ಜನನ್ನು ಸೀಟಿನಲ್ಲಿ ಕೂರಿಸಿ, ನನ್ನ ಬಾಯಿಂದ ತಪ್ಪಾಯಿತು ಎಂದು ಹೇಳಿಸಿದರು. ಅಜ್ಜ, ಇರ್ಲಿ ಮಗಾ, ಈ ನೆವದಲ್ಲಿ ಬಟ್ಟೆಮಲ್ಲಪ್ಪ ನೋಡಿದ ಹಾಗಾಯ್ತು ಎಂದ. ಗಂಟನ್ನು ಅಕ್ಕೋರ ಕೈಗೆ ಒಪ್ಪಿಸಿ, ಪೆನ್ಸಿಲಿನವರು ಸಿಕ್ಕಿದರೆ ಹೇಳಿ, ನಾನು ಬಿಟ್ಟು ಹೋಗಲಿಲ್ಲ ಎಂದ. ಕೆತ್ತನೆಯವರ ಮನೆಯಲ್ಲಿ ಕೇಳಿದರೆ, ಅವರು ಆಗಲೇ ಲಾರಿ ಹತ್ತಿದರಲ್ಲ ಎಂಬ ಉತ್ತರ. ಬಸ್ಸಿಗೆ ಬಂದು ಅಕ್ಕೋರು ಅದನ್ನು ಹೇಳಿದಾಗ ಬಲಗಡೆಯ ಒಬ್ಬಳು ಅಳುತ್ತಾ, ನಾವು ಆವಾಗಿಂದ ಕೈ ಎತ್ತಿದ್ದೀವಿ ಅಕ್ಕೋರೆ ಅಂದಳು. ಅಕ್ಕೋರು ಅಲ್ಲೇ ನಿಂತು, ಇನ್ನು ಮೇಲೆ ಕೈ ಎತ್ತಿದ್ದು ನನಗೆ ಕಾಣದಿದ್ದರೆ ಕೂಗಬಹುದು ಎಂದು ಕಾನೂನು ತಿದ್ದಿದರು. ಇದು ಶಾಲೆಯಲ್ಲಿ ದೊಡ್ಡ ಸುದ್ದಿಯಾಯಿತು.

ಚಳಿಗಾಲದ ಹೊತ್ತು, ಬೇಗ ಕಂತಿತು. ದಾರಿಯ ಮನೆಗಳಲ್ಲಿ ಒಂದೊಂದೇ ದೀಪ ಕಾಣಿಸಿಕೊಳ್ಳತೊಡಗಿತು. ಒಂದೊಂದು ದೀಪ ಕಂಡಾಗಲೂ ಹೈಸ್ಕೂಲು ಒಂದೊಂದು ಮೈಲಿ ಹಿಂದೆ ಹೋಯಿತು. ನಾನು ಅಪ್ಪಯ್ಯನಿಗೆ ಹೇಳಬೇಕಾದ ಸುಳ್ಳುಗಳನ್ನು ಜೋಡಿಸುತ್ತಿದ್ದೆ: ಟಯರು ಪಂಕ್ಚರು, ದಾರಿಗೆ ಅಡ್ಡ ಮರ, ಕಾಡೆಮ್ಮೆ. ಪಕ್ಕದಲ್ಲಿ ಬಂದು ಕೂತ ಅಕ್ಕೋರಿಗೆ ಅದು ಹೇಗೆ ಕೇಳಿಸಿತೋ.

"ನಿಮ್ಮ ಅಪ್ಪಯ್ಯನ ಹತ್ರ ನಾನು ಮಾತಾಡ್ತೀನಿ. ನೀನು ಬಾಯಿ ಬಿಡಬೇಡ. ಕಾಡೆಮ್ಮೆಯನ್ನ ಕಾಡಲ್ಲೇ ಬಿಡು."

ನಮ್ಮ ಮನೆ ಮುಂದೆ ಇಳಿದಾಗ ಪೂರಾ ಕತ್ತಲೆ. ಆದರೆ ಮನೆಯಲ್ಲಿ ಬೆಳಕಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ ಬೆಳಗುತ್ತಿವೆ, ನಮ್ಮದೊಂದೇ ಕರ್ರಗೆ ಕೂತಿದೆ. ಏನು ಅನಾಹುತವಾಯಿತೋ ಎಂದು ಓಡಿದೆ. ಜಗಲಿ ಹತ್ತಿದರೆ ಮೇಷ್ಟ್ರ ದನಿ.

"ಅಲ್ಲಾಡಬೇಡಿ. ಇನ್ನು ಒಂದು ಕಿವಿ ಬಾಕಿ."

ಅಪ್ಪಯ್ಯ ಕುರ್ಚಿಯಲ್ಲಿ ಗದ್ದ ಎತ್ತಿ ಕೂತಿದ್ದರು. ಎದುರಿಗೆ ಮೇಷ್ಟ್ರು, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಹುಲ್ಲಿನ ಲಾರಿಯವನು ಅವರನ್ನು ಇನ್ನೂ ಬಿಸಿಲಿರುವಾಗಲೇ ಇಳಿಸಿ ಹೋಗಿದ್ದ. ನಮ್ಮ ಬಸ್ಸು ವಾಪಸ್ ಸಾಗರಕ್ಕೆ ಹೋದದ್ದು ಕಂಡಿದ್ದರಿಂದ, ನಾವು ಬರುವುದು ತಡವಾಗುತ್ತದೆ ಎಂದು ತಿಳಿದು ನೆಟ್ಟಗೆ ನಮ್ಮ ಮನೆಗೆ ಬಂದು, ನಿಮ್ಮ ಮುಖದಲ್ಲಿ ಒಂದು ಕಳೆ ಇದೆ, ಚಿತ್ರ ತೆಗೆಯುತ್ತೇನೆ ಕೂರಿ ಎಂದಿದ್ದರು. ಅಮ್ಮ ಬಾಗಿಲಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು. ಮೂರು ಸಲ ದೀಪ ಹಚ್ಚಲು ಬಂದಿದ್ದಳಂತೆ. ಮೂರು ಸಲವೂ ಮೇಷ್ಟ್ರು, ಈಗ ದೀಪ ತಂದರೆ ಮುಖದ ನೆರಳು ಪೂರ್ತಿ ಕೆಟ್ಟುಹೋಗ್ತದೆ, ಇಷ್ಟು ಹೊತ್ತಿನ ಕೆಲಸ ಹಾಳು ಎಂದು ವಾಪಸ್ ಕಳಿಸಿದ್ದರಂತೆ.

ನನಗೆ ತಟ್ಟನೆ ಹೊಳೆಯಿತು. ದೀಪ ಹಚ್ಚಿಲ್ಲ. ನಾನು ಜಗಲಿಯಲ್ಲಿದ್ದೇನೆ. ಷರತ್ತು ಅಕ್ಷರಕ್ಕೆ ಅಕ್ಷರ ಪೂರೈಸಿದೆ. ಜೀವಮಾನದಲ್ಲಿ ನಾನು ನೋಡಿದ ಅತಿ ಚೆಂದದ ವ್ಯಾಪಾರ ಅದು, ಮಾಡಿದವರು ವ್ಯಾಪಾರ ಗೊತ್ತಿಲ್ಲದ ಮನುಷ್ಯ. ಇನ್ನು ಯಾರೂ ಬಾಯಿ ಬಿಡದಿದ್ದರೆ ಸಾಕು.

ಅಕ್ಕೋರು ಬಾಯಿ ಬಿಟ್ಟರು.

"ಹೊತ್ತು ಮೀರಿ ಬಂದಿದ್ದೀವಿ. ನಾನು ಮಾತು ತಪ್ಪಿದೆ. ನಿಮ್ಮ ಮಗಳು ಒಂದು ತಪ್ಪು ಮಾಡಿದ್ದಾಳೆ, ಅದಕ್ಕೆ ಶಾಲೆಯಲ್ಲಿ ಶಿಕ್ಷೆ ಆಗ್ತದೆ. ಹೊತ್ತಿನ ತಪ್ಪು ಮಾತ್ರ ನನ್ನದು. ಬಸ್ಸು ತಿರುಗಿಸು ಅಂದದ್ದು ನಾನು."

ಮೇಷ್ಟ್ರು ಕತ್ತಲೆಯಲ್ಲಿ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದದ್ದು ನನಗೆ ಮಸುಕಾಗಿ ಕಂಡಿತು. ಅಕ್ಕೋರಿಗೆ ಹಗಲೇ ಕಾಣದು. ಅವರು ಅಜ್ಜನ ಕತೆ, ಗಾಜಿನ ಕತೆ, ಲಾಂಚಿನ ಕತೆ ಎಲ್ಲವನ್ನೂ ವರದಿ ಒಪ್ಪಿಸುವ ಹಾಗೆ ಹೇಳಿ ಮುಗಿಸಿದರು. ನಾನು ಕಂಬ ಹಿಡಿದುಕೊಂಡೆ.

ಅಪ್ಪಯ್ಯ ಗದ್ದ ಇಳಿಸದೆಯೇ ಕೇಳಿದರು.

"ಅಕ್ಕೋರೆ, ನಮ್ಮನೇಲಿ ದೀಪ ಹಚ್ಚಿದ್ಯಾ?"

"ಇಲ್ಲ."

"ಮತ್ತೆ ಹೊತ್ತು ಮೀರಿದ್ದು ಹೇಗೆ?"

ಅಮ್ಮ ಬೆಂಕಿಕಡ್ಡಿ ಗೀರಿದಳು.

ಅಪ್ಪಯ್ಯನಿಗೆ ಮೇಷ್ಟ್ರ ಆಟ ಗೊತ್ತಾಗಿರಲಿಲ್ಲವೇ? ಸಂತೆಯಲ್ಲಿ ಇಪ್ಪತ್ತು ವರ್ಷ ಕೂತವರು. ಕತ್ತಲೆಯಲ್ಲಿ ಯಾರೂ ಚಿತ್ರ ಬರೆಯುವುದಿಲ್ಲ ಎಂದು ತಿಳಿಯದಷ್ಟು ಮುಗ್ಧರಲ್ಲ. ಅಕ್ಕೋರು ಸುಮ್ಮನಿದ್ದಿದ್ದರೆ ಬಹುಶಃ ಅವರೂ ಬಿಗಿಯಾಗುತ್ತಿದ್ದರು, ಮಾತಿಗೆ ಮಾತು ಹತ್ತಿ ವ್ಯಾಪಾರ ಮುರಿಯುತ್ತಿತ್ತು. ತಪ್ಪನ್ನು ತಾವಾಗಿ ತಂದು ಮುಂದಿಟ್ಟವರ ಎದುರು ಚೌಕಾಸಿ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ. ಇದನ್ನು ನಾನು ಅಂಗಡಿಯಲ್ಲಿ ಎಷ್ಟೋ ಸಲ ಉಪಯೋಗಿಸಿದ್ದೇನೆ, ಆದರೆ ತಪ್ಪು ನಿಜವಾಗಿ ಮಾಡಿದಾಗ ಮಾತ್ರ ಫಲಿಸುತ್ತದೆ.

ದೀಪ ಬಂತು. ಎಲ್ಲರೂ ಕಾಗದಕ್ಕೆ ಬಗ್ಗಿದೆವು. ಅಷ್ಟು ದೊಡ್ಡ ಕಾಗದದ ನಟ್ಟನಡುವೆ ಒಂದೇ ಒಂದು ಮೂಗು. ಕಣ್ಣಿಲ್ಲ, ಬಾಯಿಲ್ಲ, ಬಾಕಿ ಇದೆ ಎಂದ ಕಿವಿ ಮಾತ್ರವಲ್ಲ, ಇನ್ನೊಂದು ಕಿವಿಯೂ ಇಲ್ಲ. ಅಪ್ಪಯ್ಯ ಅದನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೂಗು ನಂದೇ ಹೌದು ಅಂದರು.

ಅಕ್ಕೋರು ಕಾಗದ ತಗೊಂಡು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಇಷ್ಟು ಹೊತ್ತಿಗೆ ಒಂದು ಮೂಗಾ ಮೇಷ್ಟ್ರೇ ಎಂದು ಕೇಳಿದರು. ಕತ್ತಲೆ ಇತ್ತಲ್ಲ ಅಕ್ಕೋರೆ ಎಂದರು ಮೇಷ್ಟ್ರು. ಅರ್ಧ ಬಿಟ್ಟ ಕೆಲಸ ನಾನು ಒಪ್ಪುವುದಿಲ್ಲ, ನಾಳೆ ಭಾನುವಾರ, ಬೆಳಿಗ್ಗೆ ಏಳಕ್ಕೆ ಬಂದು ಪೂರ್ತಿ ಮಾಡಿ ಎಂದು ಹೇಳಿ ಅಕ್ಕೋರು ಕೊಡೆ ಎತ್ತಿಕೊಂಡು ಹೊರಟರು.

ಮಾರನೇ ದಿನ ಅಪ್ಪಯ್ಯ ಆರಕ್ಕೇ ಕ್ಷೌರ ಮಾಡಿಸಿಕೊಂಡು, ಮದುವೆ ಮನೆಗೆ ಹಾಕುವ ಕೋಟು ತೊಟ್ಟು, ಕುರ್ಚಿಯನ್ನು ಬೆಳಕಿಗೆ ತಿರುಗಿಸಿ ಕೂತಿದ್ದರು. ಏಳಕ್ಕೆ ಸರಿಯಾಗಿ ಮೇಷ್ಟ್ರು ಬಂದರು; ಅವರ ಹಿಂದೆ ಎರಡು ಹೆಜ್ಜೆಯಲ್ಲಿ ಅಕ್ಕೋರು. ಮೇಷ್ಟ್ರು ಬರೆಯತೊಡಗಿದರು. ಅಕ್ಕೋರು ಪಕ್ಕದಲ್ಲಿ ನಿಂತು, ಅಪ್ಪಯ್ಯ ಸ್ವಲ್ಪ ಕದಲಿದರೂ ಅಲ್ಲಾಡಬೇಡಿ ಅನ್ನುತ್ತಿದ್ದರು. ಕಣ್ಣು, ಹುಬ್ಬು ಮುಗಿದು ಮೀಸೆಗೆ ಬಂದಾಗ ಅವರು ಕೈಚೀಲದಿಂದ ಒಂದು ಕಾಗದ ತೆಗೆದು ಅಪ್ಪಯ್ಯನ ಕಣ್ಣೆದುರು ಹಿಡಿದರು. ಏಳನೇ ಕ್ಲಾಸು ಮುಗಿದ ಕೂಡಲೇ ಮಗಳನ್ನು ಹೈಸ್ಕೂಲಿಗೆ ಕಳಿಸಲು ಒಪ್ಪಿದ್ದೇನೆ ಎಂದು ದುಂಡಗೆ ಬರೆದಿತ್ತು. ಕೆಳಗೆ ಸಹಿಗೆ ಜಾಗ.

ಅಪ್ಪಯ್ಯ ತುಟಿ ಅಲ್ಲಾಡಿಸದೆ, ಬಾಯಿಮಾತು ಸಾಲದಾ ಅಕ್ಕೋರೆ ಎಂದು ಕೇಳಿದರು.

"ಸಾಲದು," ಎಂದು ಅಕ್ಕೋರು ಪೆನ್ನಿನ ಮುಚ್ಚಳ ತೆಗೆದರು. "ಬಲಗೈ ಮಾತ್ರ ಅಲ್ಲಾಡಿಸಬಹುದು."